ಸವೆದ ಬ್ಯಾರಲ್ಲು, ಸವೆಯದ ಲೈಸೆನ್ಸು

ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಒಂದು ತೂತಿನ ವ್ಯಾಸ ಟಾಲರೆನ್ಸ್ ದಾಟಿ ಕೆಲವೇ ಮೈಕ್ರಾನ್ ಹೆಚ್ಚಾದರೂ ಅಂಥ ಕಡೆ ಆ ಪಾರ್ಟ್ ಮುಂದಕ್ಕೆ ಹೋಗೋದಿಲ್ಲ. ಅದೇ ಹುಕ್ಕೇರಿಯ, ಪಕ್ಕದ ಗೋಕಾಕ, ಮೂಡಲಗಿಯ ಹಳ್ಳಿಗಳಲ್ಲಿ ಅಜ್ಜನ ಕಾಲದ ಬಂದೂಕುಗಳಿವೆ. ಹನ್ನೆರಡು ಬೋರಿನವು ಹೆಚ್ಚು, ಬೋಲ್ಟ್ ಎಳೆದು ಹಾರಿಸುವ ಬೇಟೆ ರೈಫಲ್ ಕಡಿಮೆ. ಖಂಡೆ ಪೂಜೆಗೆ ಹೊರಗೆ ಬರ್ತವೆ, ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗ್ತವೆ. ಕಬ್ಬಿನ ಹೊಲಕ್ಕೆ ಹಂದಿ ನುಗ್ಗಿದ ರಾತ್ರಿ ಮತ್ತೆ ಹೊರಗೆ ಬರ್ತವೆ. ಅವುಗಳ ಬ್ಯಾರಲ್ ಒಳಗೆ ಎಷ್ಟು ಸವೆದಿದೆ ಅಂತ ಅಳೆದು ನೋಡಿದವರು ಮಾತ್ರ ಬಹಳ ಅಪರೂಪ.

ನಮ್ಮ ಅಭಿಪ್ರಾಯ ನೇರವಾಗಿದೆ. ಲೈಸೆನ್ಸ್ ಇರುವ ಹಳೇ ರೈಫಲ್ಲಿನ ಬ್ಯಾರಲ್ ಸವೆದಿದ್ದರೆ ಅದನ್ನು ಕಾನೂನಿನ ದಾರಿಯಲ್ಲೇ ಬದಲಾಯಿಸಬೇಕು, ಇಲ್ಲವೇ ಆ ರೈಫಲ್ಲನ್ನು ಗೌರವದಿಂದ ನಿವೃತ್ತಿ ಮಾಡಬೇಕು. ಸವೆದದ್ದನ್ನೇ ಹಾರಿಸುತ್ತಾ ಹೋಗೋದು ಮೂರನೇ ದಾರಿ ಅಲ್ಲ. ಇದರಲ್ಲಿ ನಮ್ಮಂಥ ಮೆಕ್ಯಾನಿಕಲ್, ಮೆಟಲರ್ಜಿ ಓದುವವರಿಗೂ ಒಂದು ಪಾತ್ರ ಇದೆ.

ಬ್ಯಾರಲ್ ಯಾಕೆ ಸವೆಯುತ್ತದೆ?

ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ಬಾರ್ ಹೆಚ್ಚಿರುತ್ತದೆ. ಸಾಮಾನ್ಯ ಬೇಟೆ ರೈಫಲ್ಲಿನೊಳಗೆ ಗುಂಡು ಸಿಡಿದಾಗ ಆ ಲೆಕ್ಕ ಮೂರು ಸಾವಿರ ಬಾರ್ ಆಸುಪಾಸು, ಅಂದ್ರೆ 300 ಮೆಗಾಪಾಸ್ಕಲ್. ಜೊತೆಗೆ ಸಾವಿರಾರು ಡಿಗ್ರಿ ಬಿಸಿಯ ಅನಿಲ. ಇದೆಲ್ಲ ಕೆಲವೇ ಮಿಲಿಸೆಕೆಂಡಿನ ಆಟ. ಮೊದಲ ಪೆಟ್ಟು ಬೀಳೋದು ತೋಟಾ ಕೂರುವ ಛೇಂಬರಿನ ಮುಂದೆ, ಬ್ಯಾರಲ್ಲಿನ ಗಂಟಲಿನ ಮೇಲೆ. ಅಲ್ಲಿಯ ಉಕ್ಕಿನ ಮೇಲ್ಪದರ ಕ್ಷಣಮಾತ್ರ ಕಾದು, ತಣಿದು, ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಡುತ್ತದೆ. ಮುಂದಿನ ಗುಂಡುಗಳು ಆ ಬಿರುಕಿನ ಅಂಚುಗಳನ್ನು ಕಿತ್ತುಕೊಂಡು ಹೋಗುತ್ತವೆ.

ನಮ್ಮ ಕಡೆಯ ಹಳೇ ರೈಫಲ್ಲುಗಳಿಗೆ ಇನ್ನೊಂದು ವೈರಿ ಇದೆ: ತುಕ್ಕು. ಹಳೇ ಕಾಲದ ಎಷ್ಟೋ ತೋಟಾಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್, ಅಂದ್ರೆ ಒಂದು ಜಾತಿಯ ಉಪ್ಪು. ಅದು ಗಾಳಿಯ ತೇವ ಹೀರುತ್ತದೆ. ಗುಂಡು ಹಾರಿಸಿದ ದಿನವೇ ಒಳಗೆ ತೊಳೆದು ಒರೆಸದಿದ್ದರೆ, ಒಂದು ಮಳೆಗಾಲ ಸಾಕು, ಒಳಗೋಡೆಯ ಮೇಲೆ ಸಿಡುಬಿನ ಕಲೆಯಂಥ ಗುಳಿ ಏಳಲು. ಆಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಹೋದ ಉಕ್ಕು ತಿರುಗಿ ಬರೋದಿಲ್ಲ. ತಮಾಷೆ ಅಂದ್ರೆ, ಅತಿಯಾಗಿ ಸ್ವಚ್ಛ ಮಾಡುವವರೂ ಬ್ಯಾರಲ್ ಹಾಳು ಮಾಡ್ತಾರೆ. ಬಾಯಿ ಕಡೆಯಿಂದ ಕಬ್ಬಿಣದ ಕಡ್ಡಿ ಹಾಕಿ ತಿಕ್ಕಿ ತಿಕ್ಕಿ ಅಂಚು ಸವೆಸಿಬಿಡ್ತಾರೆ.

ಒಳಗೆ ಸವೆಯೋದು ಏನು ಅಂತ ನೋಡ್ರಿ. ರೈಫಲ್ ಅನ್ನೋ ಹೆಸರೇ ಬಂದದ್ದು ಬ್ಯಾರಲ್ ಒಳಗಿನ ಸುರುಳಿ ಗೆರೆಗಳಿಂದ. ಆ ಗೆರೆಗಳ ಎತ್ತರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಹತ್ತು ಇಂಚಿಗೆ ಒಂದು ಸುತ್ತು ಹಾಕುವ ಬ್ಯಾರಲ್ಲಿನಿಂದ ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ನಿಮಿಷಕ್ಕೆ ಸುಮಾರು 1.4 ಲಕ್ಷ ಸುತ್ತು ತಿರುಗುತ್ತಿರುತ್ತದೆ. ಬೇಕಾದ್ರೆ ಕ್ಯಾಲ್ಕುಲೇಟರ್ ತಗೊಂಡು ನೀವೇ ನೋಡ್ರಿ. ಬುಗುರಿ ನಿಲ್ಲೋದು ಹೇಗೋ ಗುಂಡು ನೆಟ್ಟಗೆ ಹೋಗೋದೂ ಹಾಗೆಯೇ, ತಿರುಗೋದರಿಂದ. ಗೆರೆ ಸವೆದರೆ ಗುಂಡಿಗೆ ಹಿಡಿತ ಸಿಗಲ್ಲ. ಸಾಲದ ಸುತ್ತಿನ ಬುಗುರಿಯಂತೆ ಅದು ಓಲಾಡುತ್ತದೆ, ಕೆಲವೊಮ್ಮೆ ಅಡ್ಡಡ್ಡ ಹೋಗುತ್ತದೆ.

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ ಇರೋದು ಇಲ್ಲೇ. ರೈಫಲ್ ಗುಂಡು ಎರಡು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ಘಟಪ್ರಭಾ ಕಾಲುವೆ ನೀರಿನ ನಮ್ಮ ಸೀಮೆಯಲ್ಲಿ ಎರಡು ಕಿಲೋಮೀಟರ್ ಅಂದ್ರೆ ಖಾಲಿ ಬಯಲಲ್ಲ. ನಡುವೆ ತೋಟದ ಮನೆಗಳಿವೆ, ರಾತ್ರಿ ಪಾಳಿಯ ಕರೆಂಟಿಗೆ ಮೋಟರ್ ಚಾಲೂ ಮಾಡಲು ಹೋದ ರೈತ ಇದ್ದಾನೆ. ಹಂಗಾಮಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ಕಬ್ಬಿನ ಗ್ಯಾಂಗಿನವರು ಹೊಲದ ಬದಿಗೆ ಗುಡಿಸಲು ಹಾಕಿಕೊಂಡು ಮಕ್ಕಳನ್ನು ಮಲಗಿಸಿರುತ್ತಾರೆ. ಹೊಲದ ಯಜಮಾನನಿಗೆ ಅವರು ಇವತ್ತು ಎಲ್ಲಿ ಬಿಡಾರ ಹೂಡಿದ್ದಾರೆ ಅನ್ನೋದೂ ಗೊತ್ತಿರಲ್ಲ. ಬ್ಯಾರಲ್ ಸವೆತ ರೈಫಲ್ ಮಾಲೀಕನ ಸ್ವಂತ ನಷ್ಟ ಅಂತ ತಿಳಿಯೋದು ಅದಕ್ಕೇ ತಪ್ಪು. ಆ ನಷ್ಟ ಕಟ್ಟುವವರು ಬೇರೆಯವರು ಆಗಬಹುದು.

"ಅಲ್ರೀ, ಬೇಟೆನೇ ಬಂದ್ ಆಗೇದ, ಬೇಟೆ ರೈಫಲ್ಲಿಗೆ ಹೊಸ ಬ್ಯಾರಲ್ ಯಾಕ?" ಅಂತ ಕೇಳುವ ಗೆಳೆಯರು ನಮ್ಮ ಕ್ಲಬ್ಬಿನಲ್ಲೇ ಇದ್ದಾರೆ. ಪ್ರಶ್ನೆ ಸರಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹವ್ಯಾಸದ ಬೇಟೆ ಮುಗಿದ ಅಧ್ಯಾಯ, ಅದು ಮುಗಿದದ್ದೇ ಒಳ್ಳೆಯದು. ಪಕ್ಕದ ಮುಧೋಳದ ಬೇಟೆನಾಯಿಗಳು ಕೂಡ ಈಗ ಸೇನೆಯ ತರಬೇತಿಗೆ ಹೋಗಿವೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಬೇಕಾದರೂ ಆ ಕಾಯ್ದೆಯ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿ ಬೇಕು. ಹಂದಿ ಕಾಟಕ್ಕೆ ಬೇಲಿ, ಸಕಾಲದ ಪರಿಹಾರ ಇವೇ ಮೊದಲ ಉತ್ತರ, ಬಂದೂಕು ಕೊನೆಯದು. ಇದನ್ನೆಲ್ಲ ನಾವು ಒಪ್ಪುತ್ತೇವೆ.

ಆದರೆ ಬೇಟೆ ನಿಂತಿತು ಅಂತ ರೈಫಲ್ಲುಗಳು ಮಾಯ ಆಗಲಿಲ್ಲ. ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಇದೆ, ಅಪ್ಪನಿಂದ ಮಗನಿಗೆ ಬಂದಿದೆ. ಈ ಜಾತಿಯಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಹೆಸರಾದದ್ದು ಪಶ್ಚಿಮ ಬಂಗಾಳದ ಇಛಾಪುರ ಕಾರ್ಖಾನೆಯ .315 ಬೋರಿನ ರೈಫಲ್. ಅದರ ಅಚ್ಚು ಸೇನೆಯ ಲೀ ಎನ್‌ಫೀಲ್ಡಿನದು, ಆದರೆ ಸೇನೆಯ .303 ತೋಟಾ ಜನರ ಕೈಗೆ ಸಿಗಬಾರದು ಅಂತ ಬೋರು ಮಾತ್ರ ಬೇರೆ. ಅಂಥ ರೈಫಲ್ಲಿನ ಬೋಲ್ಟು, ಬಾಡಿ ಎರಡು ತಲೆಮಾರು ಗಟ್ಟಿಯಾಗಿ ನಿಲ್ಲುತ್ತವೆ. ಮೊದಲು ಸೋಲೋದು ಬ್ಯಾರಲ್. ಹಾಗಿರುವಾಗ "ತಾನಾಗಿ ಹಾಳಾಗಿ ಹೋಗಲಿ ಬಿಡ್ರಿ" ಅನ್ನೋದು ಸುರಕ್ಷತೆಯ ಮಾತಲ್ಲ. ಹಾಳಾದ ರೈಫಲ್ಲೂ ಗುಂಡು ಹಾರಿಸುತ್ತದೆ. ಎಲ್ಲಿಗೆ ಅನ್ನೋದನ್ನು ಮಾತ್ರ ಅದು ಹೇಳೋದಿಲ್ಲ.

ಅಜ್ಜನ ರೈಫಲ್ಲಿಗೆ ಬೇರೆ ಬ್ಯಾರಲ್ ಹಾಕಿದರೆ ಅದು ಅಜ್ಜನದು ಆಗಿ ಉಳಿಯುತ್ತಾ ಅನ್ನೋ ಭಾವನೆಯ ಮಾತೂ ಇದೆ. ನಮ್ಮ ರೈತರನ್ನೇ ಕೇಳ್ರಿ. ರಂಟಿಯ ಕುಳ ಸವೆದರೆ ಕಂಬಾರರ ಮನೆಗೆ ಒಯ್ತಾರೆ, ಕುಂಟಿಯ ಕುಡ ಬದಲಾಯಿಸ್ತಾರೆ, ಚಕ್ಕಡಿಯ ಗಾಲಿಗೆ ಹೊಸ ಹಳಿ ಹಾಕಿಸ್ತಾರೆ. ಆದ್ರೂ ಅದು ಅಜ್ಜನ ಚಕ್ಕಡಿಯೇ. ಸವೆಯುವ ಭಾಗ ಸವೆಯಲಿಕ್ಕೇ ಇರೋದು. ಅದನ್ನು ಕಾಲಕ್ಕೆ ಬದಲಾಯಿಸೋದು ಹಿರಿಯರಿಗೆ ತೋರುವ ಅಗೌರವ ಅಲ್ಲ, ಅವರೇ ಕಲಿಸಿದ ಪದ್ಧತಿ.

ಇಲ್ಲಿ ಒಂದು ಗೆರೆ ಸ್ಪಷ್ಟವಾಗಿ ಎಳೆಯಬೇಕು. ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇಥ್ ಇದೆ, ಊರಲ್ಲಿ ಫ್ಯಾಬ್ರಿಕೇಶನ್ ಅಂಗಡಿ ಇದೆ, ಇಎನ್ 19 ಸರಳು ಮಾರ್ಕೆಟ್ಟಿನಲ್ಲಿ ಸಿಗುತ್ತೆ, ನಾವೇ ಮಾಡೋಣ ಅನ್ನೋ ಉಮೇದು ಯಾರಿಗೂ ಬೇಡ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸಲು ಮಾತ್ರ ಅಲ್ಲ, ರಿಪೇರಿ ಮಾಡಲು, ಪರೀಕ್ಷೆ ಮಾಡಲು ಕೂಡ ಲೈಸೆನ್ಸ್ ಬೇಕು. ಅದಿಲ್ಲದೆ ಕೈ ಹಾಕಿದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಗರಿಷ್ಠ ಜೀವಾವಧಿ. ಕಾನೂನು ಬಿಟ್ಟು ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದ್ರೂ ಅಷ್ಟೇ. ಹೊಸ ಬ್ಯಾರಲ್ ಕೂರಿಸಿದಾಗ ತೋಟಾದ ಹಿಂಭಾಗಕ್ಕೂ ಬೋಲ್ಟಿನ ಮುಖಕ್ಕೂ ಇರುವ ಸಂದು ಗೇಜಿನ ಲೆಕ್ಕಕ್ಕೆ ಸರಿಯಾಗಿ ಬರಬೇಕು. ಅದು ಹೆಚ್ಚಾದರೆ ಹಿತ್ತಾಳೆಯ ತೋಟಾ ಒಡೆದು, ಆ ಮೂರು ಸಾವಿರ ಬಾರ್ ಅನಿಲ ಹಾರಿಸುವವನ ಮುಖದ ಕಡೆಗೇ ಬರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೂ ಪ್ರೂಫ್ ಹೌಸ್ ಇರೋದು ಇದಕ್ಕೇ. ಹೆಚ್ಚಿನ ಒತ್ತಡದ ತೋಟಾ ಹಾರಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ ಹೊಡೆಯುತ್ತಾರೆ.

ಹಾಗಾದ್ರೆ ಏನು ಮಾಡಬೇಕು?

ಹದಿನೈದು ವರ್ಷ ದಾಟಿದ ಕಾರಿಗೆ ಆರ್‌ಟಿಓದಲ್ಲಿ ಗಾಡಿಯನ್ನೇ ತಪಾಸಣೆ ಮಾಡಿಸದೆ ನವೀಕರಣ ಇಲ್ಲ. ಬಂದೂಕಿನ ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ನವೀಕರಣ ಆಗುತ್ತದೆ. ಆ ಹೊತ್ತಿಗೆ ನಂಬರಿನ ಜೊತೆ ಬ್ಯಾರಲ್ಲಿನ ಒಳಗನ್ನೂ ನೋಡಿ ಅಳೆಯುವ ವ್ಯವಸ್ಥೆ ಬರಲಿ. ಬೋರ್‌ಸ್ಕೋಪ್, ಗೇಜು, ಬರೆದಿಡಲು ಒಂದು ನಮೂನೆ, ಇಷ್ಟು ಸಾಕು. ಇದು ಡಿಸಿ ಕಚೇರಿ ಮತ್ತು ಪೊಲೀಸ್ ಇಲಾಖೆ ಸೇರಿ ಮಾಡಬಹುದಾದ ಕೆಲಸ.

ಅಳೆದ ಮೇಲೆ ಸವೆದಿದೆ ಅಂತ ಗೊತ್ತಾದರೆ ಮುಂದಿನ ದಾರಿಯೂ ತೆರೆದಿರಬೇಕು. 2021ರ ಅಕ್ಟೋಬರ್ 1ರಿಂದ ದೇಶದ ಆರ್ಡನೆನ್ಸ್ ಕಾರ್ಖಾನೆಗಳು ಏಳು ಕಂಪನಿಗಳಾಗಿವೆ. ಬಂದೂಕು ಮಾರುವ ಸರ್ಕಾರಿ ಕಂಪನಿಗೆ ಸವೆದ ಬ್ಯಾರಲ್ ಬದಲಾಯಿಸಿ, ಪ್ರೂಫ್ ಮಾಡಿ, ಲೈಸೆನ್ಸ್‌ದಾರನಿಗೆ ಮರಳಿಸುವ ಹೊಣೆಯೂ ಇರಬೇಕು. ಉತ್ತರ ಕರ್ನಾಟಕಕ್ಕೆ ಅಂತ ಅಧಿಕೃತ ರಿಪೇರಿ ಘಟಕ ಒಂದು ಬೆಳಗಾವಿಯಲ್ಲಿ ಇರಲಿ. ಕ್ರ್ಯಾಂಕ್‌ಶಾಫ್ಟ್, ಹೈಡ್ರಾಲಿಕ್ಸ್ ತಯಾರಿಸುವ ಈ ಊರಿಗೆ ಉದ್ದ ತೂತು ಕೊರೆಯುವ, ಹೋನಿಂಗ್ ಮಾಡುವ ವಿದ್ಯೆ ಹೊಸದಲ್ಲ. ರೈಫಲ್ ಬೇಡ ಅನ್ನುವವರಿಗೆ ಠಾಣೆಗೆ ಅಲೆಸದೆ ಒಪ್ಪಿಸಿಕೊಳ್ಳುವ ಸರಳ ವ್ಯವಸ್ಥೆಯೂ ಬೇಕು.

ಈ ಎಲ್ಲದರ ತಳದಲ್ಲಿ ಇರಬೇಕಾದದ್ದು ನಂಬಿಕೆ. ಹಲಗಲಿ ಮೂಡಲಗಿಯಿಂದ ದೂರ ಏನಿಲ್ಲ. 1857ರಲ್ಲಿ ಹತಾರ ಒಪ್ಪಿಸಿ ಅಂದಾಗ ಅಲ್ಲಿಯ ಬೇಡರು ತಿರುಗಿಬಿದ್ದದ್ದನ್ನು ನಾವೆಲ್ಲ ಹೈಸ್ಕೂಲಿನ ಲಾವಣಿ ಪಾಠದಲ್ಲಿ ಓದಿದ್ದೇವೆ. ಇವತ್ತಿನ ಸರ್ಕಾರ ಕಂಪನಿ ಸರ್ಕಾರ ಅಲ್ಲ, ಇವತ್ತಿನ ಕಾಯ್ದೆ ಅಂದಿನದಲ್ಲ. ಆದರೂ "ತಪಾಸಣೆಗೆ ತಗೊಂಡು ಬರ್ರಿ" ಅಂದ್ರೆ "ಕೊಟ್ಟರೆ ತಿರುಗಿ ಬರ್ತದೋ ಇಲ್ಲೋ" ಅನ್ನೋ ಅಳುಕು ಈ ಮಣ್ಣಿನಲ್ಲಿ ಹಳೆಯದು. ಅದಕ್ಕೇ ತಪಾಸಣೆ ಮಾಲೀಕನ ಎದುರಿಗೇ ನಡೆಯಬೇಕು, ರಸೀದಿ ಕೈಗೆ ಸಿಗಬೇಕು, ಸರಿಯಿದ್ದ ರೈಫಲ್ ಅದೇ ದಿನ ಮನೆಗೆ ಹೋಗಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಬಂದೂಕುಗಳನ್ನೂ ತೇವ ಇಲ್ಲದ ಕಡೆ ಇಡಲಿ.

ಇನ್ನು ನಾವು. ರೈಫಲ್ ಮುಟ್ಟೋದು ನಮ್ಮ ಕೆಲಸ ಅಲ್ಲ, ಆದರೆ ಸವೆತ ನಮ್ಮ ವಿಷಯ. ನಮ್ಮ ಸಿಲಬಸ್ಸಿನ ಎಷ್ಟೋ ಭಾಗ ಬ್ಯಾರಲ್ಲಿನ ಹೊಟ್ಟೆಯಿಂದಲೇ ಬಂದದ್ದು. ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿ ಕೊರೆಯುವ ಪದ್ಧತಿ ಸುಧಾರಿಸದಿದ್ದರೆ ಜೇಮ್ಸ್ ವ್ಯಾಟ್‌ನ ಉಗಿಯಂತ್ರಕ್ಕೆ ಸರಿಯಾದ ಸಿಲಿಂಡರ್ ಸಿಗೋದು ಕಷ್ಟವಿತ್ತು. ಇವತ್ತು ಕ್ರ್ಯಾಂಕ್‌ಶಾಫ್ಟಿಗೆ ಎಣ್ಣೆ ತೂತು ಕೊರೆಯುವ ಕ್ರಿಯೆಗೂ ಹೆಸರು ಗನ್ ಡ್ರಿಲ್ಲಿಂಗ್ ಅಂತಲೇ. ಇಷ್ಟಾದರೂ ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ಎಲ್ಲರಿಗೂ ಹೊಸ ಯಂತ್ರವೇ ಬೇಕು. ಹಳೆಯದು ಎಷ್ಟು ಸವೆದಿದೆ, ಇನ್ನೆಷ್ಟು ದಿನ ನಂಬಬಹುದು ಅನ್ನೋ ಪ್ರಶ್ನೆಗೆ ಮಾರ್ಕ್ಸ್ ಕಡಿಮೆ. ಕಬ್ಬಿನ ಕಾರ್ಖಾನೆಯ ರೋಲರ್, ಬೋರ್‌ವೆಲ್ ಪಂಪಿನ ಬುಷ್, ಎತ್ತಿನ ಗಾಣದ ಅಚ್ಚು, ಎಲ್ಲ ಕಡೆ ಇದೇ ಪ್ರಶ್ನೆ ಇದೆ. ಉದ್ದ ತೂತಿನ ಒಳಸವೆತ ಅಳೆಯುವ ಅಗ್ಗದ ಉಪಕರಣವನ್ನು ಪಂಪಿನ ಸಿಲಿಂಡರ್ ಮೇಲೆ ಪ್ರಯೋಗಿಸಿ ನಾವು ರೂಪಿಸಬಹುದು. ಅದನ್ನು ಬ್ಯಾರಲ್ಲಿಗೆ ಬಳಸುವ ಅಧಿಕಾರ ಇದ್ದವರು ಬಳಸಲಿ.

ಈ ವರ್ಷ ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ಗೆಳೆಯರು ಇದನ್ನು ಒಮ್ಮೆ ಪಟ್ಟಿಗೆ ಸೇರಿಸಿಕೊಳ್ಳಿ. ಊರಲ್ಲಿ ಲೈಸೆನ್ಸ್ ರೈಫಲ್ ಇರುವ ಮನೆಯವರಿಗೆ ನಮ್ಮ ವಿನಂತಿ ಇಷ್ಟೇ: ಈ ಸಲ ಖಂಡೆ ಪೂಜೆಗೆ ಕುಂಕುಮ ಹಚ್ಚುವಾಗ ಬ್ಯಾರಲ್ಲಿನ ವಯಸ್ಸು ಎಷ್ಟು ಅಂತಲೂ ಯೋಚಿಸ್ರಿ. ಖಾತ್ರಿ ಇಲ್ಲದಿದ್ದರೆ, ಲೈಸೆನ್ಸ್ ಇರುವ ರಿಪೇರಿದಾರರು ನೋಡಿ ಹೇಳುವ ತನಕ ಅದನ್ನು ಹಾರಿಸಬ್ಯಾಡ್ರಿ.