ಬಿಚ್ಚಿಕೋ – ಕೂಡಿಸಿಕೋ

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದ್ದರು. ಊರಿನ ದನಕರುಗಳು ಮೇಯುತ್ತಿದ್ದ, ಬಡವರು ಸೌದೆ ಆಯುತ್ತಿದ್ದ ಸಾಮೂಹಿಕ ಭೂಮಿಯನ್ನು ಸರ್ಕಾರವು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯ ವಶಕ್ಕೆ ಕೊಟ್ಟಿತ್ತು. ಅಲ್ಲಿ ನೀಲಗಿರಿ ಬೆಳೆಯುತ್ತಿತ್ತು. ಜನ ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ನೆಲದಲ್ಲಿ ತಮಗೆ ಉಪಯೋಗಕ್ಕೆ ಬರುವ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೋ–ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹ ನಡೆದ ನಾಲ್ಕು ವರ್ಷಗಳಲ್ಲಿ, 1991ರಲ್ಲಿ, ಸರ್ಕಾರವು ಆ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬರಬೇಕಾಯಿತು.

ನಮ್ಮ ಪತ್ರಿಕೆಯ ಓದುಗರಿಗೆ ಈ ಕಥೆ ಹೊಸದಲ್ಲ. ಆದರೂ ಇಂದು ಇದನ್ನು ನೆನೆಯಲು ಕಾರಣವಿದೆ. ಕುಸನೂರಿನ ಜನ ಬರೀ ಕಿತ್ತು ಮನೆಗೆ ಹೋಗಲಿಲ್ಲ, ಹಚ್ಚಿದರು ಕೂಡ. ಬೇಡವಾದುದನ್ನು ನಿರಾಕರಿಸುವ ಕೈಯೇ ಬೇಕಾದುದನ್ನು ನಿರ್ಮಿಸಬೇಕು ಎಂಬ ಅರಿವು ಅವರಿಗಿತ್ತು. ಆ ಅರಿವನ್ನು ನಾವು ಭೂಮಿಯ ವಿಷಯದಲ್ಲಿ ಉಳಿಸಿಕೊಂಡೆವು, ಬೀಜದ ವಿಷಯದಲ್ಲಿ ಅಷ್ಟಿಷ್ಟು ಉಳಿಸಿಕೊಂಡೆವು. ನಮ್ಮ ಮನೆಯೊಳಗೆ ಬಂದು ಕುಳಿತಿರುವ ವಿದ್ಯುನ್ಮಾನ ಯಂತ್ರಗಳ ವಿಷಯದಲ್ಲಿ ಮಾತ್ರ ಪೂರ್ತಿಯಾಗಿ ಕಳೆದುಕೊಂಡಿದ್ದೇವೆ.

ಕಾಡಂಚಿನ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಯಾವುದೋ ಯೋಜನೆಯಲ್ಲಿ ಬಂದ ಸೌರ ದೀಪವೊಂದು ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿತ್ತು. ಮೂರನೆಯ ಮಳೆಗಾಲಕ್ಕೆ ಅದು ಉರಿಯುವುದನ್ನು ನಿಲ್ಲಿಸಿತಂತೆ. ಮನೆಯ ಯಜಮಾನರು ಅದನ್ನು ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಪೇಟೆಗೆ ಹೋದರೆ, ‘ಇದನ್ನು ಬಿಚ್ಚಲು ಬರುವುದಿಲ್ಲ, ಹೊಸದು ಕೊಳ್ಳಿರಿ’ ಎಂಬ ಉತ್ತರ ಸಿಕ್ಕಿತು. ಅಂಟು ಹಾಕಿ ಮುಚ್ಚಿದ್ದ ಆ ಡಬ್ಬಿಯನ್ನು ನಮ್ಮ ಜೊತೆಗಿದ್ದ ಹುಡುಗನೊಬ್ಬ ಚಾಕುವಿನಿಂದ ನಿಧಾನವಾಗಿ ಬಿಡಿಸಿ, ಮಲ್ಟಿಮೀಟರ್ ಹಿಡಿದು ನೋಡಿದ. ಫಲಕ ಸರಿಯಿತ್ತು, ದೀಪ ಸರಿಯಿತ್ತು. ಸತ್ತಿದ್ದು ಬೆರಳುದ್ದದ ಒಂದು ಬ್ಯಾಟರಿ ಕೋಶ ಮಾತ್ರ. ಅಂಥದ್ದೇ ಕೋಶ ಹಾಕಿದ ಸಂಜೆ ಆ ಮನೆಯ ಮಗಳು ಅದೇ ಬೆಳಕಿನಲ್ಲಿ ಓದಲು ಕುಳಿತಳು. ಒಂದು ಕೋಶಕ್ಕಾಗಿ ಇಡೀ ದೀಪವನ್ನು ಕಸವೆಂದು ಸಾರಿದವರು ಯಾರು? ಬಿಚ್ಚಲಾಗದಂತೆ ಅಂಟು ಹಾಕಿದವರು ಯಾರು? ಅದು ಕೈತಪ್ಪಿ ಆದ ಕೆಲಸವಲ್ಲ. ಕೆಟ್ಟಾಗ ಎಸೆಯಲೆಂದೇ, ಎಸೆದಾಗ ಕೊಳ್ಳಲೆಂದೇ ಹೂಡಿದ ವ್ಯಾಪಾರ ಅದು.

ಬೀಜ ಮತ್ತು ಡಬ್ಬಿ

ಹಿರೇಕೆರೂರಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಿ, ಗೋವಿನಜೋಳಗಳ ಹೈಬ್ರಿಡ್ ಬೀಜ ಹೊಲಕ್ಕೆ ಬಂದ ಮೇಲೆ ಬೀಜದ ಗಡಿಗೆ ಖಾಲಿಯಾದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಬೆಳೆದ ಕಾಳು ಮುಂದಿನ ವರ್ಷದ ಬಿತ್ತನೆಗೆ ಒದಗದು. ಪ್ರತಿ ಮುಂಗಾರಿಗೂ ಅಂಗಡಿಯ ಮುಂದೆ ನಿಲ್ಲಬೇಕು. ಬಿಚ್ಚಲಾಗದ ಯಂತ್ರವೂ ಬಿತ್ತಲಾಗದ ಬೀಜದ ಜಾತಿಗೇ ಸೇರಿದ್ದು. ಎರಡರಲ್ಲೂ ಹಣ ನಮ್ಮದು, ಅಧಿಕಾರ ಮಾರಿದವನದು.

ಹಿಂದೆ ಹೀಗಿರಲಿಲ್ಲ. ಧಾರವಾಡ ಆಕಾಶವಾಣಿಯನ್ನು ಕೇಳುತ್ತಿದ್ದ ಹಳೆಯ ರೇಡಿಯೋಗಳನ್ನು ನೆನಪಿಸಿಕೊಳ್ಳಿ. ಎಷ್ಟೋ ರೇಡಿಯೋಗಳ ಹಿಂಬದಿಯ ಮುಚ್ಚಳದ ಒಳಗೆ ಅದರ ಸರ್ಕ್ಯೂಟ್ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಮಾಡಿದವನು ಕೊಂಡವನಿಗೆ ‘ಇದು ನಿನ್ನದು, ಕೆಟ್ಟರೆ ಹೀಗೆ ಸರಿಪಡಿಸಿಕೋ’ ಎಂದು ಹೇಳಿದಂತಿತ್ತು. ಇಂದಿನ ಯಂತ್ರದ ಒಳಗೆ ನಕ್ಷೆಯಿಲ್ಲ; ಹೊರಗೆ ‘ತೆರೆದರೆ ವಾರಂಟಿ ಇಲ್ಲ’ ಎಂಬ ಚೀಟಿಯಿದೆ.

ಕೂರಿಗೆಯನ್ನೇ ನೋಡಿ. ನಮ್ಮೂರಿನ ಬಡಿಗ, ಕಮ್ಮಾರ ಸೇರಿ ಮಾಡಿದ ಕೂರಿಗೆಯ ತಾಳು ಮುರಿದರೆ ಅದನ್ನಷ್ಟೇ ಬದಲಿಸುತ್ತಿದ್ದರು, ಕೂರಿಗೆಯನ್ನು ತಿಪ್ಪೆಗೆ ಎಸೆಯುತ್ತಿರಲಿಲ್ಲ. ಆ ಪರಂಪರೆಯಿಂದಲೇ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಂಥ ರೈತ ವಿಜ್ಞಾನಿ ಬಂದರು. ಬಿತ್ತನೆಯ ಕೂರಿಗೆಗೆ ಹೊಸ ರೂಪ ಕೊಟ್ಟ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅವರ ಮೊದಲ ಆವಿಷ್ಕಾರ ಮಾತ್ರ ಕೂರಿಗೆಯಲ್ಲ. ಬೆಳಗ್ಗೆ ಬೇಗ ಏಳಲಾಗದ ಹುಡುಗ ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿದ. ಕೀಲಿ ತಿರುಗಿದಂತೆ ದಾರ ಎಳೆದು, ನೀರಿನ ಬಾಟಲಿ ಬಾಗಿ ಮುಖದ ಮೇಲೆ ನೀರು ಸುರಿಯುವಂತೆ ಮಾಡಿದ. ಗಡಿಯಾರದ ಕೀಲಿ ಕೈಗೆ ಸಿಗುತ್ತಿದ್ದುದರಿಂದ ಆ ಹುಡುಗನಿಗೆ ಅದು ಸಾಧ್ಯವಾಯಿತು. ಇಂದು ಅಂಥ ಹುಡುಗನ ಕೈಗೆ ಅಂಟು ಹಾಕಿ ಮುಚ್ಚಿದ ಮೊಬೈಲು ಕೊಟ್ಟಿದ್ದೇವೆ. ದಾರ ಎಲ್ಲಿ ಕಟ್ಟಬೇಕು?

ಗುಡ್ಡಕ್ಕೂ ಮೊಬೈಲಿಗೂ ಏನು ಸಂಬಂಧ?

‘ಇದು ಪರಿಸರದ ಪತ್ರಿಕೆ, ಇಲ್ಲಿ ಟ್ರಾನ್ಸಿಸ್ಟರು, ಸರ್ಕ್ಯೂಟುಗಳ ಮಾತೇಕೆ?’ ಎಂದು ನಮ್ಮ ಹಿರಿಯ ಸಂಗಾತಿಗಳು ಕೇಳುತ್ತಾರೆ. ಯಂತ್ರವೇ ಶತ್ರು, ಅದರಿಂದ ದೂರವಿರುವುದೇ ಧರ್ಮ ಎಂಬುದು ಅವರ ನಿಲುವು. ಅವರ ಮೇಲೆ ಗೌರವವಿಟ್ಟುಕೊಂಡೇ ಈ ನಿಲುವನ್ನು ವಿರೋಧಿಸುತ್ತೇನೆ. ಹಾಗೆ ಹೇಳುವವರ ಜೇಬಿನಲ್ಲೂ ಮೊಬೈಲ್ ಇದೆ. ಅದನ್ನು ಬಳಸುತ್ತಲೇ ಅದರ ಒಳಗನ್ನು ತಿಳಿಯಲೊಲ್ಲೆ ಎನ್ನುವುದು ವೈರಾಗ್ಯವಾಗುವುದಿಲ್ಲ. ಅದು ಮಾರಾಟಗಾರನಿಗೆ ಬರೆದುಕೊಟ್ಟ ಶರಣಾಗತಿ ಪತ್ರ.

ಮೊಬೈಲಿನ ಸರ್ಕ್ಯೂಟ್ ಹಲಗೆಯಲ್ಲಿ ತಾಮ್ರವಿದೆ, ತವರವಿದೆ, ತೆಳುವಾಗಿ ಬಳಿದ ಚಿನ್ನವೂ ಇದೆ. ಚಿನ್ನ ಎಲ್ಲಿಂದ ಬರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಚಿನ್ನಕ್ಕಾಗಿ ಅಗೆಯುವ ಯತ್ನದ ವಿರುದ್ಧ ಜನ ಬೀದಿಗಿಳಿದಿದ್ದರು. ಅಲ್ಲಿನ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಹಿಂತೆಗೆದುಕೊಂಡ ಸರ್ಕಾರ, ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದ ಹೋರಾಟಕ್ಕೆ ಮಣಿದು 2017ರಲ್ಲಿ ಅದನ್ನು ಮರಳಿಸಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಗುಡ್ಡ ಉಳಿಸಲು ಮೆರವಣಿಗೆಯಲ್ಲಿ ನಡೆದ ನಾವೇ, ಎರಡು ವರ್ಷಕ್ಕೊಂದು ಮೊಬೈಲು ಎಸೆದು ಇನ್ನೊಂದು ಗುಡ್ಡ ಅಗೆಯಲು ಬೇಡಿಕೆ ಹುಟ್ಟಿಸುತ್ತಿದ್ದೇವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಉಳಿದದ್ದರ ಒಂದು ಪಾಲು ನಮ್ಮ ಊರುಗಳ ಹಳ್ಳಕ್ಕೂ ಕಸದ ಗುಂಡಿಗೂ ಬಿದ್ದಿದೆ. ಒಂದು ಯಂತ್ರದ ಆಯುಷ್ಯ ಇಮ್ಮಡಿಯಾದರೆ ಅಗೆತವೂ ಕಸವೂ ಅರ್ಧಕ್ಕೆ ಇಳಿಯುತ್ತವೆ. ಆದ್ದರಿಂದ ರಿಪೇರಿಯೂ ಪರಿಸರ ಹೋರಾಟವೇ.

ತಿಳಿವಿಲ್ಲದ ಕೈಚಳಕದ ಅಪಾಯ

ಎದುರಾಳಿಗಳ ಒಂದು ಮಾತಿನಲ್ಲಿ ಸತ್ಯವಿದೆ. ಮನೆಯಲ್ಲಿ ಮಾಡಿದ ಯಂತ್ರ ಕೊಲ್ಲಲೂ ಬಲ್ಲದು. ಭತ್ತ, ಗೋವಿನಜೋಳ ತೆನೆಗಟ್ಟುವ ಕಾಲಕ್ಕೆ ಮುಂಡಗೋಡದ ಕಾಡಿನಿಂದ ಆನೆಗಳು ಹಾನಗಲ್ ಗಡಿಯ ಹೊಲಗಳಿಗೆ ಇಳಿಯುತ್ತವೆ. ಹಂದಿಯ ಕಾಟವಂತೂ ವರ್ಷವಿಡೀ ಇದೆ. ಇದಕ್ಕೆ ಕೆಲವರು ಕಂಬದ ಕರೆಂಟನ್ನೇ ನೇರವಾಗಿ ಬೇಲಿಯ ತಂತಿಗೆ ಕೊಡುತ್ತಾರೆ. ಅದರಿಂದ ಆನೆ ಸಾಯುತ್ತದೆ, ರಾತ್ರಿ ನೀರು ಹಾಯಿಸಲು ಹೋದ ಅಣ್ಣತಮ್ಮಂದಿರೂ ಸಾಯುತ್ತಾರೆ. ಅದಕ್ಕೆ ಕೊಲೆಯೆಂದೇ ಹೆಸರು. ಸರಿಯಾದ ಸೌರ ಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದು ಬಾರಿ, ಕಣ್ಣೆವೆ ಮುಚ್ಚುವುದರೊಳಗೆ ಮುಗಿದುಹೋಗುವ ಒಂದು ಹೊಡೆತ ಕೊಡುತ್ತದೆ. ನೋಯಿಸಿ ಓಡಿಸುತ್ತದೆ, ಹಿಡಿದಿಟ್ಟು ಸುಡುವುದಿಲ್ಲ. ಈ ವ್ಯತ್ಯಾಸ ತಿಳಿಯದ ಕೈ ತಂತಿ ಮುಟ್ಟಬಾರದು. ಹಾಗೆಂದು ತಿಳಿಯುವ ದಾರಿಯನ್ನೇ ಮುಚ್ಚುವುದು ಪರಿಹಾರವೇ? ತಿಳಿವು ಎಲ್ಲಿ ಇಲ್ಲವೋ ಅಲ್ಲಿಯೇ ಹೆಣ ಬಿದ್ದಿದೆ.

ಸವಣೂರಿನ ಎಲೆಬಳ್ಳಿ ತೋಟಗಳ ಕಡೆ ನೋಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ, ಎಷ್ಟೋ ದಿನ ಅಪರಾತ್ರಿಯಲ್ಲಿ ಬರುತ್ತದೆ. ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ನಡೆಯಬೇಕಾದ ರೈತ, ಹಳೆಯ ಬಟನ್ ಮೊಬೈಲಿನ ತಂತಿಯನ್ನು ರಿಲೇಗೆ ಜೋಡಿಸಿ, ಮನೆಯಿಂದಲೇ ರಿಂಗು ಕೊಟ್ಟು ಮೋಟಾರು ಚಾಲು ಮಾಡುವ ಉಪಾಯ ಕಂಡುಕೊಂಡ. ಊರ ರಿಪೇರಿ ಅಂಗಡಿಯವರು ಮಾಡಿಕೊಟ್ಟ ಆ ಮೊಬೈಲ್ ಸ್ಟಾರ್ಟರ್ ನಮ್ಮ ನಾಡಿನ ನಿಜವಾದ ಎಲೆಕ್ಟ್ರಾನಿಕ್ಸ್ ಪ್ರಯೋಗ. ಆದರೆ ಕರೆಂಟು ಬಂದೊಡನೆ ತಾನಾಗಿಯೇ ಚಾಲೂ ಆಗುವ ಆಟೋ ಸ್ಟಾರ್ಟರ್‌ಗಳು ಒಟ್ಟಿಗೇ ತಿರುಗಿದಾಗ ಟಿ.ಸಿ. ಸುಡುತ್ತದೆ, ತೋಟ ತೊಯ್ದ ಮೇಲೂ ಬೋರ್‌ವೆಲ್ ಸುರಿಯುತ್ತಲೇ ಇರುತ್ತದೆ. ಉಪಾಯ ಅರ್ಧಕ್ಕೆ ನಿಂತಿದೆ. ಮಣ್ಣಿನ ತೇವ ಸಾಕಾದಾಗ, ಬೋರಿನ ನೀರು ಇಳಿದಾಗ ಮೋಟಾರು ನಿಲ್ಲಿಸುವ ಇನ್ನರ್ಧವನ್ನು ಯಾರು ಮಾಡಬೇಕು? ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಅಲ್ಲವೇ?

ಕೊಂಡುತಂದ ವಿದ್ಯೆ

ವಿದ್ಯಾರ್ಥಿ ಮಿತ್ರರೇ, ಈಗ ನಿಮ್ಮೊಡನೆ ಎರಡು ಕಟು ಮಾತು. ಕೊನೆಯ ವರ್ಷದ ‘ಪ್ರಾಜೆಕ್ಟ್’ ಎಂಬುದನ್ನು ಪೇಟೆಯ ಅಂಗಡಿಗಳಲ್ಲಿ ವರದಿಯ ಸಮೇತ ಮಾರುವುದು ಯಾರಿಗೆ ತಿಳಿದಿಲ್ಲ? ರೈತನ ಮಗ ಅಪ್ಪನ ಬೆಳೆಯ ಹಣದಲ್ಲಿ ‘ರೈತರಿಗಾಗಿ ಸ್ವಯಂಚಾಲಿತ ನೀರಾವರಿ’ ಎಂಬ ಸಿದ್ಧ ಡಬ್ಬಿಯನ್ನು ಕೊಂಡು, ಪರೀಕ್ಷೆಯ ದಿನ ಒಮ್ಮೆ ದೀಪ ಮಿನುಗಿಸಿ, ಮರುದಿನ ಮೂಲೆಗೆ ಎಸೆಯುತ್ತಾನೆ. ಇದಕ್ಕಿಂತ ದೊಡ್ಡ ವಿದ್ಯುನ್ಮಾನ ಕಸ ಬೇರೆ ಇದೆಯೇ?

ಸರ್ಕಾರವೂ ಕೊಂಡುತಂದ ವಿದ್ಯೆಯನ್ನೇ ನಂಬಿದೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವಿದೆ. ಐದು ವರ್ಷಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳೆಂದು 2025ರ ಕೇಂದ್ರ ಬಜೆಟ್ ಸಾರಿತು. ಯೋಜನೆ ಒಳ್ಳೆಯದೇ. ಆದರೆ ಉಪಕರಣ ಎಣಿಸಿಕೊಡಬೇಕಾದ ಮೇಷ್ಟ್ರು, ಮಕ್ಕಳು ಸುಟ್ಟುಬಿಟ್ಟಾರೆಂಬ ಅಂಜಿಕೆಯಿಂದ ಕಪಾಟಿಗೆ ಬೀಗ ಹಾಕಿದರೆ ಆ ಹಣ ಯಾರಿಗೆ ಸೇರಿತು? ಒಂದಿಷ್ಟು ಬಿಡಿಭಾಗ ಸುಡದೆ ಯಾವ ಮಗುವೂ ಎಲೆಕ್ಟ್ರಾನಿಕ್ಸ್ ಕಲಿಯದು.

ಹಳೆಯ ಪಾಠವೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಇತರರೊಡನೆ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕ ಹಳ್ಳಿಯ ಜನರಿಗಾಗಿಯೇ ಹುಟ್ಟಿತು. ಅದರ ವಿನ್ಯಾಸವನ್ನೂ ಮುಕ್ತವಾಗಿಟ್ಟಿದ್ದರು. 2004ರಲ್ಲಿ ಮಾರುಕಟ್ಟೆಗೆ ಬಂದ ಅದು ಹಳ್ಳಿ ತಲುಪದೆ ಮರೆಯಾಯಿತು. ವಿನ್ಯಾಸ ಮುಕ್ತವಾಗಿದ್ದರೆ ಸಾಲದು, ಅದನ್ನು ಬಿಚ್ಚಿ ಕೂಡಿಸುವ ಕೈಗಳು ಊರಿನಲ್ಲೇ ಇರಬೇಕು.

ನಮ್ಮ ಹಕ್ಕು, ನಮ್ಮ ಕೆಲಸ

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ನೋಂದಣಿಗೆ ಹೆಸರಿಸುವುದು ತಯಾರಕ, ಉತ್ಪಾದಕ, ನವೀಕರಿಸುವ ಉದ್ದಿಮೆ, ಮರುಬಳಕೆಯ ಉದ್ದಿಮೆ ಎಂಬ ನಾಲ್ವರನ್ನು. ಸಂತೆಯ ಮೂಲೆಯಲ್ಲಿ ಕುಳಿತು ವರ್ಷಕ್ಕೆ ನೂರಾರು ಯಂತ್ರಗಳನ್ನು ಕಸವಾಗದಂತೆ ಉಳಿಸುವ ರಿಪೇರಿಯವರಿಗೆ ಅಲ್ಲಿ ಸ್ಥಾನವಿಲ್ಲ. ‘ರಿಪೇರಿಯ ಹಕ್ಕು’ ಕುರಿತು ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು, ಅಂತರ್ಜಾಲ ತಾಣವನ್ನೂ ತೆರೆಯಿತು. ತಾಣದಿಂದ ಬಿಡಿಭಾಗ ಸಿಗುವುದಿಲ್ಲ. ಕಾನೂನಿನ ಬಲ ಬೇಕು. ಅಮೆರಿಕದ ಕೊಲರಾಡೊ ರಾಜ್ಯದ ರೈತರು ತಮ್ಮ ಟ್ರ್ಯಾಕ್ಟರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು 2023ರಲ್ಲಿ ಶಾಸನವಾಗಿಯೇ ಪಡೆದರು. ನಮ್ಮ ರೈತ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಇದು ಏಕಿಲ್ಲ?

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ಊರಿನ ಶಾಲೆಯಲ್ಲೋ ಯುವಕ ಮಂಡಳದಲ್ಲೋ ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಇರಲಿ. ವಾರಕ್ಕೊಂದು ಸಂಜೆ ಊರಿನ ರಿಪೇರಿಯವರನ್ನು ಗುರುವಾಗಿ ಕೂರಿಸಿ, ಅವರಿಗೆ ಸಂಭಾವನೆ ಕೊಡಿ. ಮೊದಲ ಪಾಠ ನೀರಿನ ಟಾಕಿಯ ಕರೆಗಂಟೆ: ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಬಜರ್, ಒಂಬತ್ತು ವೋಲ್ಟಿನ ಬ್ಯಾಟರಿ, ಟಾಕಿಗೆ ಇಳಿಬಿಟ್ಟ ಎರಡು ತಂತಿ. ನೀರು ಎರಡೂ ತಂತಿ ಮುಟ್ಟಿದೊಡನೆ ಬಜರ್ ಕೂಗುತ್ತದೆ, ಉಕ್ಕಿ ಹರಿಯುವ ನೀರು ಉಳಿಯುತ್ತದೆ.

ಎರಡನೆಯ ಪಾಠ ಸತ್ತ ಎಲ್‌ಇಡಿ ಬಲ್ಬು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯೊಂದರಲ್ಲೇ ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದ್ದಾರೆ. ಬಲ್ಬಿನೊಳಗಿನ ಪುಟ್ಟ ದೀಪಗಳು ಸಾಮಾನ್ಯವಾಗಿ ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಸುಟ್ಟರೆ ಇಡೀ ಸಾಲು ಆರುತ್ತದೆ. ಕಪ್ಪು ಚುಕ್ಕೆಯಿರುವ ಆ ಒಂದನ್ನು ಬದಲಿಸಿದರೆ ಎಷ್ಟೋ ಬಲ್ಬು ಮತ್ತೆ ಉರಿಯುತ್ತವೆ. ಹೋಲ್ಡರಿನಿಂದ ತೆಗೆದು, ಒಳಗೆ ಉಳಿದ ವಿದ್ಯುತ್ತು ಇಳಿಯುವವರೆಗೆ ಕಾದು, ಗುರುವಿನ ಎದುರೇ ಈ ಕೆಲಸ ಮಾಡಬೇಕು. ಮೂರನೆಯ ಪಾಠ ಸೌರ ದೀಪದ ಕೋಶ. ಸತ್ತ ಕೋಶವನ್ನು ಸುಡಬೇಡಿ, ಒಡೆಯಬೇಡಿ; ಒಟ್ಟುಮಾಡಿ ಮಾರಿದವರ ಬಾಗಿಲಿಗೇ ಕೊಂಡೊಯ್ಯಿರಿ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಕ್ಕೂ ಒಂದು ವಿನಂತಿ: ಬಡಿಗ, ಕಮ್ಮಾರರ ಅರಿವು ಜಾನಪದವಾದರೆ, ಪುಸ್ತಕವಿಲ್ಲದೆ ಕಿವಿಯಿಂದ ಕೈಗೆ ಬಂದ ರೇಡಿಯೋ ರಿಪೇರಿಯವರ ಅರಿವೂ ಜಾನಪದವೇ. ಅವರು ಕಣ್ಣುಮುಚ್ಚುವ ಮೊದಲು ಅದನ್ನು ದಾಖಲಿಸಿರಿ.

ಕುಸನೂರಿನಲ್ಲಿ ಜನ ಕೇಳಿದ್ದು ಒಂದೇ ಪ್ರಶ್ನೆ: ಈ ನೆಲ ಯಾರದು? ನಮ್ಮ ಮನೆಯ ದೀಪ, ಹೊಲದ ಸ್ಟಾರ್ಟರು, ಕೈಯ ಮೊಬೈಲು ಯಾರದೆಂದು ನಾವೂ ಕೇಳೋಣ. ಉತ್ತರಕ್ಕಾಗಿ ಯಾರ ಕಚೇರಿಗೂ ಹೋಗಬೇಕಿಲ್ಲ. ಈ ಭಾನುವಾರ ಅಟ್ಟದ ಮೇಲಿನ ಸತ್ತ ದೀಪವನ್ನು ಕೆಳಗಿಳಿಸಿ, ತಿರುಪುಳಿ ಹಿಡಿದು ಕುಳಿತುಕೊಳ್ಳಿ.