ಅಂಗನವಾಡಿಯ ಗಾಳಿ ಅಳೆಯಿರಿ, ಅಂಕಿಯನ್ನು ಕನ್ನಡದಲ್ಲಿ ಗೋಡೆಗೆ ಅಂಟಿಸಿ!

ಗೆಳೆಯರೇ, ರೇಡಾನ್ ಎಂಬ ಹೆಸರು ಕೇಳಿದ್ದೀರಾ? ಬಹುಪಾಲು ಮಂದಿ ಕೇಳಿರುವುದಿಲ್ಲ. ಅದು ನಿಮ್ಮ ತಪ್ಪಲ್ಲ. ನಮ್ಮ ಮನೆಯ ನೆಲದಿಂದಲೇ ಏಳುವ ಈ ಅನಿಲವನ್ನು ನಮ್ಮ ವಿಶ್ವವಿದ್ಯಾಲಯಗಳೇ ವರ್ಷಗಟ್ಟಲೆ ಅಳೆದಿವೆ. ಅಳೆದ ಸುದ್ದಿ ಮಾತ್ರ ಮನೆಗೆ ಬಂದಿಲ್ಲ.

ಮೊದಲು ವಿಷಯ ತಿಳಿಯಿರಿ. ಕಲ್ಲು ಮಣ್ಣಿನಲ್ಲಿ ಎಲ್ಲ ಕಡೆಯೂ ಅಷ್ಟಿಷ್ಟು ಯುರೇನಿಯಂ ಇರುತ್ತದೆ. ಗ್ರಾನೈಟ್‌ನಲ್ಲಿ ಸ್ವಲ್ಪ ಹೆಚ್ಚು. ಅದು ತಾನಾಗಿ ಒಡೆಯುತ್ತಾ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ, ಪೈಪು ಹಾಯ್ದ ಸಂದಿಯಿಂದ ಒಳಗೆ ಬರುತ್ತದೆ. ಬೋರ್‌ವೆಲ್ ನೀರಿನ ಜೊತೆಗೂ ಬರುತ್ತದೆ. ಬಯಲಿನಲ್ಲಿ ಗಾಳಿಗೆ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಅದರಿಂದ ಹುಟ್ಟುವ ಕಣಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂತು ವಿಕಿರಣ ಸೂಸುತ್ತವೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನ ಬಿಟ್ಟರೆ ದೊಡ್ಡ ಕಾರಣ ಇದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ, ಟೀ ಅಂಗಡಿ ಮುಂದೆ ನಿಂತ ತಮ್ಮಂದಿರು ಇದನ್ನು ಎರಡು ಸಲ ಓದಲಿ! ಒಂದು ಘನ ಮೀಟರ್ ಗಾಳಿಯಲ್ಲಿ 100 ಬೆಕೆರೆಲ್ ಒಳಗಿರಲಿ, ಆಗದಿದ್ದರೆ 300 ಅಂತೂ ದಾಟದಿರಲಿ ಎಂದು ಅದೇ ಸಂಸ್ಥೆ 2009ರಲ್ಲಿ ಹೇಳಿದೆ. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು, ಅಷ್ಟೇ.

ಈಗ ವನಗೂರಿಗೆ ಬನ್ನಿ. ಸಕಲೇಶಪುರದಿಂದ ಹೆತ್ತೂರು ದಾಟಿ ಬಿಸಿಲೆ ಘಾಟಿಗೆ ಹೋದವರಿಗೆ ಈ ಊರು ಗೊತ್ತು. ನೀವು ಬೆಂಗಳೂರಿನಿಂದ ಶನಿವಾರ ಮಳೆ ನೋಡಲು ಹೋಗುತ್ತೀರಿ. ಅದೇ ಮಳೆಗೆ ಅಲ್ಲಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಕಿಟಕಿ ಹಾಕಿಕೊಂಡು ಕೂರುತ್ತಾರೆ. ಹಳೆ ಮನೆಯಲ್ಲಿ ಹೆಂಚಿನ ಸಂದಿಯಿಂದಾದರೂ ಗಾಳಿ ಆಡುತ್ತಿತ್ತು. ಈಗ ತಾರಸಿ, ಗಾಜಿನ ಕಿಟಕಿ. ಅಂಗನವಾಡಿಯ ಕೋಣೆಯ ಕಿಟಕಿ ಇರಚಲಿಗೆ ಮುಚ್ಚಿತೆಂದರೆ ಮೂರು ವರ್ಷದ ಮಗು ಚಾಪೆಯ ಮೇಲೆ, ನೆಲಕ್ಕೆ ಅಂಟಿಕೊಂಡು, ಒಳಗಿನ ಗಾಳಿಯನ್ನೇ ಉಸಿರಾಡುತ್ತದೆ. ಕಾಫಿ ತೋಟದ ಲೈನು ಮನೆಗಳ ಕಥೆಯೂ ಇದೇ. 50 ಹೆಣ್ಣಾಳುಗಳಿರುವ ತೋಟದಲ್ಲಿ ಕೂಸುಗಳಿಗೊಂದು ಕೋಣೆ ಇರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಆ ಕೋಣೆಯ ಗಾಳಿ ಹೇಗಿರಬೇಕೆಂದು ಯಾರು ಕೇಳಿದರು?

ವನಗೂರಿನಲ್ಲಿ ರೇಡಾನ್ ಜಾಸ್ತಿ ಇದೆ ಎಂದು ನಾನು ಹೇಳುತ್ತಿಲ್ಲ. ಅಳೆಯಿರಿ ಎನ್ನುತ್ತಿದ್ದೇನೆ. 100ಕ್ಕಿಂತ ಬಹಳ ಕಡಿಮೆ ಬಂದರೆ ಬಹಳ ಸಂತೋಷ, ಆ ಚೀಟಿಯನ್ನೇ ಅಂಟಿಸಿ.

ಅಳೆಯುವುದೇನು ಬ್ರಹ್ಮವಿದ್ಯೆಯೇ? ಒಂದು ಸಣ್ಣ ಡಬ್ಬಿ, ಒಳಗೆ ಎಲ್‌ಆರ್-115 ಎಂಬ ಕೆಂಪು ಫಿಲ್ಮಿನ ತುಂಡು. ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕಬೇಕು. ಕರೆಂಟು ಬೇಡ, ಕಾವಲು ಬೇಡ. ಕಣ ಬಡಿದಲ್ಲಿ ಫಿಲ್ಮಿಗೆ ಗಾಯವಾಗುತ್ತದೆ. ಆಮೇಲೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಗಾಯ ತೂತಾಗಿ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಅಪ್ಪನ ಕಾಲದಲ್ಲಿ ಆಸಿಡ್ಡಿನಿಂದ ಸತುವಿನ ಬ್ಲಾಕು ಕೊರೆಸಿದ ಪ್ರೆಸ್ಸು ನಮ್ಮದು. ಪಿಯುಸಿ ಓದಿದ ನನಗೇ ಇದು ಅರ್ಥವಾಗುತ್ತದೆ, ಐಎಎಸ್ ಓದಿದವರಿಗೆ ಯಾಕೆ ಆಗುವುದಿಲ್ಲ?

ಮೈಸೂರು ವಿಶ್ವವಿದ್ಯಾಲಯದವರು ಮೈಸೂರಿನ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣಕ್ಕೆಂದೇ ಒಂದು ಕೇಂದ್ರವಿದೆ. ನಮ್ಮ ಹಾಸನ ಜಿಲ್ಲೆಯ ಕುಡಿಯುವ ನೀರಿನ ರೇಡಾನ್ ಬಗ್ಗೆಯೇ 2015ರಲ್ಲಿ ಪ್ರಬಂಧ ಬಂದಿದೆ. ಬರೆದವರು ಕುವೆಂಪು ವಿಶ್ವವಿದ್ಯಾಲಯದವರು. ಅಚ್ಚಾದದ್ದು ವಿದೇಶಿ ಪತ್ರಿಕೆಯಲ್ಲಿ, ಇಂಗ್ಲಿಷಿನಲ್ಲಿ. ವಿಜ್ಞಾನ ಕನ್ನಡದಲ್ಲಿ ಬರಬೇಕೆಂದು ಜೀವ ತೇಯ್ದವರ ಹೆಸರು ಬಾಗಿಲ ಮೇಲಿದೆ! ಸಂಶೋಧಕರನ್ನು ಬೈಯುವುದಿಲ್ಲ, ಅವರು ತಮ್ಮ ಕೆಲಸ ಮಾಡಿದ್ದಾರೆ. ನೀರು ಕೊಟ್ಟ ಮನೆಗೆ ಒಂದು ಪುಟ ಕನ್ನಡ ಕೊಡಿ ಎಂದು ಆಜ್ಞೆ ಮಾಡಬೇಕಾದ್ದು ಸರ್ಕಾರ. ಯುರೇನಿಯಂ ಬೇಕಾದಾಗ ಯಾದಗಿರಿ ಜಿಲ್ಲೆಯ ಗೋಗಿಯ ನೆಲ ಕೊರೆಯಲು ಬರುತ್ತಾರೆ. ಅದೇ ಯುರೇನಿಯಂನ ಮೊಮ್ಮಗು ನಮ್ಮ ಮನೆಯೊಳಗಿದೆಯೇ ಎಂದು ನೋಡಲು ಬರುವವರಿಲ್ಲ.

ಬೇರೆ ಕಡೆ ಏನಾಗಿದೆ ನೋಡಿ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬಾತ ಕೆಲಸಕ್ಕಿದ್ದ ಅಣು ಸ್ಥಾವರದಲ್ಲಿ ವಿಕಿರಣದ ಗಂಟೆ ಬಡಿದುಕೊಂಡಿತು. ವಿಕಿರಣ ಮೈಗಂಟಿದ್ದು ಸ್ಥಾವರದಲ್ಲಲ್ಲ, ಅವನ ಮನೆಯಲ್ಲಿ! ಇಲಿನಾಯ್ ರಾಜ್ಯದಲ್ಲಿ 2013ರಿಂದ ಮಕ್ಕಳ ಪಾಲನಾ ಕೇಂದ್ರಗಳು ಮೂರು ವರ್ಷಕ್ಕೊಮ್ಮೆ ರೇಡಾನ್ ಪರೀಕ್ಷೆ ಮಾಡಿಸಿ, ವರದಿಯನ್ನು ಲೈಸೆನ್ಸಿನ ಪಕ್ಕದಲ್ಲೇ ಗೋಡೆಗೆ ಹಾಕಬೇಕು. ಅಪ್ಪ ಅಮ್ಮ ಕೇಳಿದರೆ ಪ್ರತಿ ಕೊಡಬೇಕು.

"ಎಷ್ಟೋ ಅಂಗನವಾಡಿಗೆ ಸರಿಯಾದ ಕಕ್ಕಸಿಲ್ಲ, ನಿನ್ನದೊಂದು ರೇಡಾನ್" ಎಂದು ಕೆಲವರು ನಗುತ್ತಾರೆ. ನಗಲಿ. ಕಕ್ಕಸು ಕಟ್ಟಲು ಬರುವ ಮೇಸ್ತ್ರಿಯೇ ನೆಲದ ಬಿರುಕಿಗೆ ಸಿಮೆಂಟು ಬಳಿಯಬಹುದು, ಇರಚಲು ಹೊಡೆಯದ ಹಾಗೆ ಒಂದು ಗವಾಕ್ಷಿ ಬಿಡಬಹುದು. ಅಂಕಿ ತೀರಾ ಹೆಚ್ಚಿದ್ದರೆ ನೆಲದಡಿಯಿಂದ ಪೈಪು ಎಳೆದು ಫ್ಯಾನು ಹಾಕಿ ಅನಿಲವನ್ನು ಸೂರಿನ ಮೇಲೆ ಬಿಡುವ ಉಪಾಯವೂ ಇದೆ. ಆದರೆ ಅಳೆಯದೆ ಯಾವುದು ಬೇಕೆಂದು ಹೇಗೆ ತಿಳಿಯುವುದು?

ಜನರಿಗೆ ತಲುಪಿಸುವುದು ಈ ಸರ್ಕಾರಕ್ಕೆ ಬರುವುದಿಲ್ಲವೇ? ಬರುತ್ತದೆ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ನೆನೆಯಿರಿ. ಎರಡು ಹನಿಯ ಮಾತು ಕನ್ನಡದಲ್ಲಿ ಮನೆ ಮನೆಗೆ ಹೋಯಿತು. ಹೊತ್ತುಕೊಂಡು ಹೋದದ್ದು ಇದೇ ಅಂಗನವಾಡಿ ಅಕ್ಕಂದಿರು. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿಗಳು ಇಂದು ರಾಜ್ಯದಲ್ಲಿ 65 ಸಾವಿರ ದಾಟಿವೆ. ಎಲ್ಲವನ್ನೂ ಒಂದೇ ಸಲ ಅಳೆಯಿರಿ ಎನ್ನುವುದಿಲ್ಲ. ಸಕಲೇಶಪುರ, ಆಲೂರು ತಾಲ್ಲೂಕುಗಳಿಂದ, ಈ ಮಳೆಗಾಲದಿಂದ ಶುರುಮಾಡಿ. ಪಂಚಾಯಿತಿಯ ಕೂಸಿನ ಮನೆಗಳನ್ನೂ ಸೇರಿಸಿ.

ನಿಮ್ಮ ಕೆಲಸ ಇಷ್ಟು. ಹಬ್ಬಕ್ಕೆ ಊರಿಗೆ ಹೋದಾಗ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕನ್ನಡದಲ್ಲೇ ಅರ್ಜಿ ಕೊಡಿ: ನಮ್ಮ ಊರಿನ ಅಂಗನವಾಡಿಯಲ್ಲಿ ರೇಡಾನ್ ಅಳೆದಿದ್ದೀರಾ, ಅಳೆದಿದ್ದರೆ ಅಂಕಿ ಎಷ್ಟು? ಉತ್ತರವನ್ನು ಪತ್ರಿಕೆಗೆ ಕಳಿಸಿ. ಅಂಗನವಾಡಿಯ ಗೋಡೆಗೆ ಅಂಟಿಸುವ ಹಾಳೆಯನ್ನು ನಾನು ಅಚ್ಚು ಹಾಕಿ ಕೊಡುತ್ತೇನೆ, ಕಾಗದದ ದುಡ್ಡೂ ಬೇಡ.