ಕಿಟಕಿಯ ಆಚೆಯ ಕುರ್ಚಿ

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಒಂದು ದಿಕ್ಕಿಗೆ ನಡೆದರೆ ನಗರಪಾಲಿಕೆಯ ನಾಯರ್ ಆಸ್ಪತ್ರೆ, ಇನ್ನೊಂದು ದಿಕ್ಕಿಗೆ ನಡೆದರೆ ಸರಕಾರದ ಜೆ.ಜೆ. ಆಸ್ಪತ್ರೆ. ಎರಡಕ್ಕೂ ಅರ್ಧ ತಾಸು ಸಾಕು. ಕೇಸ್‌ಪೇಪರಿನ ಕಿಟಕಿಯ ಈಚೆ ಸರದಿಯಲ್ಲಿ ನಿಂತ ನಮ್ಮವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಆಚೆ, ಕಂಪ್ಯೂಟರಿನ ಮುಂದೆ ರೋಗಿಯ ಹೆಸರು, ವಯಸ್ಸು ಬರೆದುಕೊಳ್ಳುವ ಕುರ್ಚಿಯಲ್ಲಿ ಕಂಡುದು ಅಪರೂಪ. ಬುದ್ಧಿಯ ಕೊರತೆಯಿಂದ ಹೀಗಾಗಿದೆಯೆಂದು ನಾವು ಒಪ್ಪುವುದಿಲ್ಲ. ಕೊರತೆಯಿರುವುದು ಕಾಗದಗಳದು.

ಕಳೆದ ತಿಂಗಳು ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಪರಿಚಿತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹುಡುಗಿ ಕಂಪ್ಯೂಟರ್ ಕಲಿತ ಪದವೀಧರೆ. "ಮಾಸ್ತರೇ, ಆಸ್ಪತ್ರೆಯ ಆಫೀಸಿನ ಕೆಲಸಕ್ಕೆ ಜಾಹೀರಾತು ಬಂದಿದೆಯಂತೆ. ನಾಡಿದ್ದು ಕಡೆಯ ದಿನ. ಇವಳ ಅರ್ಜಿಯೊಂದು ತುಂಬಿಕೊಡಿ" ಎಂದರು. ತುಂಬಲು ಕುಳಿತೆವು. ಮೂರನೆಯ ಪುಟಕ್ಕೇ ಗಾಡಿ ನಿಂತಿತು.

"ಮರಾಠಿ ಟೈಪಿಂಗಿನ ಸರ್ಟಿಫಿಕೇಟು ಎಲ್ಲಿ ಮಗಾ?"

"ಇಂಗ್ಲಿಷಿನದು ಇದೆ ಮಾಸ್ತರೇ. ಮರಾಠಿಯದೂ ಬೇಕಾ?"

ಬೇಕು. 2024ರಲ್ಲಿ ಮುಂಬಯಿ ಮಹಾನಗರಪಾಲಿಕೆಯು 1,846 'ಕಾರ್ಯಕಾರಿ ಸಹಾಯಕ'ರ ಹುದ್ದೆಗಳಿಗೆ ಅರ್ಜಿ ಕರೆದುದನ್ನು ಓದುಗರು ನೆನಪಿಸಿಕೊಳ್ಳಬಹುದು. ಹೆಸರು ಹೊಸದು; ಕೆಲಸ ಹಳೆಯ ಗುಮಾಸ್ತೆಯದೇ. ಮೂಲ ವೇತನ 25,500 ರೂಪಾಯಿಯಿಂದ ಆರಂಭ. ಅಲ್ಲಿ ಕೇಳಿದುದೇನು? ಶೇಕಡಾ 45 ಅಂಕಗಳ ಪದವಿ, ಹತ್ತನೆಯ ಅಥವಾ ಅದಕ್ಕೆ ಮೇಲಿನ ಪರೀಕ್ಷೆಯಲ್ಲಿ ನೂರು ಅಂಕದ ಮರಾಠಿ ಮತ್ತು ನೂರು ಅಂಕದ ಇಂಗ್ಲಿಷ್, ಎರಡೂ ಭಾಷೆಗಳಲ್ಲಿ ಮಿನಿಟಿಗೆ 30 ಶಬ್ದಗಳ ಬೆರಳಚ್ಚು, ಮೇಲೆ ಎಂ.ಎಸ್.-ಸಿ.ಐ.ಟಿ. ಅಥವಾ ಅದಕ್ಕೆ ಸಮವೆಂದು ಸರಕಾರ ಒಪ್ಪಿದ ಕಂಪ್ಯೂಟರ್ ಪ್ರಮಾಣಪತ್ರ. ಹತ್ತನೆಯದನ್ನೂ ಪದವಿಯನ್ನೂ ಮೊದಲ ಯತ್ನದಲ್ಲೇ ದಾಟಿರಬೇಕೆಂದು ಮೊದಲು ಇನ್ನೊಂದು ಕರಾರು ಸಹ ಇತ್ತು. ಜನ ಗದ್ದಲವೆಬ್ಬಿಸಿದ ಮೇಲೆ ಅದನ್ನು ತೆಗೆದು, ಸೆಪ್ಟೆಂಬರಿನಲ್ಲಿ ಹೊಸದಾಗಿ ಅರ್ಜಿ ಕರೆದರು. ಒಳ್ಳೆಯದೇ ಆಯಿತು. ಗಣಿತದಲ್ಲಿ ನಾವೂ ಎರಡನೆಯ ಸಲಕ್ಕೆ ದಡ ಸೇರಿದವರು!

ಮರಾಠಿ ಬೆರಳಚ್ಚಿನ ಪರೀಕ್ಷೆಯನ್ನು ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ. ಆರು ತಿಂಗಳ ಪಾಠ. ಇಂಗ್ಲಿಷಿನಲ್ಲಿ ಎಷ್ಟೇ ವೇಗವಿರಲಿ, ದೇವನಾಗರಿಯ ಕೀಲಿಮಣೆಗೆ ಬೆರಳು ಬೇರೆಯೇ ಪಳಗಬೇಕು. ಜಾಹೀರಾತು ಬಂದ ಮೇಲೆ ಕ್ಲಾಸು ಹುಡುಕಿದರೆ ಕಡೆಯ ದಿನ ನಮಗಾಗಿ ಕಾಯುವುದಿಲ್ಲ. ಈ ಹುಡುಗಿ ಮೀನು ಮಾರುಕಟ್ಟೆಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿ ಗೆದ್ದು ಬರುವವಳು. ಆದರೆ ಮಾತಿಗೆ ಸರ್ಟಿಫಿಕೇಟಿಲ್ಲ. ಅರ್ಜಿ ಅರ್ಧಕ್ಕೇ ಉಳಿಯಿತು. ತಂದೆ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅವರಿಗೆ ಹೇಳಲು ನಮ್ಮಲ್ಲೂ ಮಾತಿರಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಹಳೆಯದು, ಟ್ರಂಕಿನೊಳಗಿನದು. ಊರಿನ ತಹಶೀಲ್ದಾರರು ಕೊಟ್ಟ ಜಾತಿಪತ್ರ ಇಲ್ಲಿಯ ಮೀಸಲು ಹುದ್ದೆಗೆ ನಡೆಯುವುದಿಲ್ಲ. ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13, ಈ ದಿನಕ್ಕೆ ಮೊದಲೇ ಕುಟುಂಬವು ಮಹಾರಾಷ್ಟ್ರದಲ್ಲಿ ನೆಲೆಸಿದ್ದುದಕ್ಕೆ ಆಧಾರ ತೋರಿಸಬೇಕು. ಜಾತಿಯ ಹೆಸರು ಇಲ್ಲಿಯ ಪಟ್ಟಿಯಲ್ಲಿಯೂ ಇರಬೇಕು. ಆಧಾರ ಎಲ್ಲಿಂದ ತರುವುದು? ಹಗಲಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಓದಿದ ಅಜ್ಜಂದಿರು ನಮ್ಮ ಎಷ್ಟು ಮನೆಗಳಲ್ಲಿಲ್ಲ! ಆ ಶಾಲೆ ಬಿಟ್ಟಾಗ ಕೊಟ್ಟ ಹಳದಿಯಾದ ಸರ್ಟಿಫಿಕೇಟು, ಖೋಲಿಯ ಬಾಡಿಗೆ ರಸೀದಿ, ಹಳೆಯ ರೇಷನ್ ಕಾರ್ಡು, ಇವುಗಳಿಗೆ ಇಂದು ಮೊಮ್ಮಗಳ ನೌಕರಿಯ ಬೆಲೆ ಬಂದಿದೆ. ಗಿರ್‌ಗಾಂವ್, ಗ್ರಾಂಟ್ ರೋಡುಗಳ ಹಳೆಯ ಚಾಳುಗಳನ್ನು ಕೆಡವಿ ಕಟ್ಟುವಾಗ ಖೋಲಿ ಖಾಲಿ ಮಾಡುವ ಗಡಿಬಿಡಿಯಲ್ಲಿ ಇಂಥ ಕಾಗದಗಳು ರದ್ದಿಯವನ ತಕ್ಕಡಿಗೆ ಹೋಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಿಲೋಗೆ ಸಿಕ್ಕುವ ಕಾಸಿನಲ್ಲಿ ಎರಡು ಚಹಾ ಬಂದರೆ ಹೆಚ್ಚು.

ಡೇಟಾ ಎಂಟ್ರಿಯ ಕೆಲಸಗಳೂ ಆಸ್ಪತ್ರೆಗಳಲ್ಲಿ ಉಂಟು. ಹೆಚ್ಚಿನವು ಕರಾರಿನವು, ಅವಧಿ ಮುಗಿದಾಗ ಮತ್ತೆ ಬರೆದುಕೊಡಬೇಕು. ಅನುಭವಕ್ಕೆ ಸೇರಿಕೊಳ್ಳಲು ಅಡ್ಡಿಯಿಲ್ಲ; ಅದನ್ನೇ ಪರ್ಮನೆಂಟು ಎಂದು ನಂಬಿ ಟೈಪಿಂಗು ಕ್ಲಾಸು ಬಿಡುವುದು ಸರಿಯಲ್ಲ. "ಸಾಹೇಬರು ನಮ್ಮವರೇ, ಎರಡು ಲಕ್ಷ ಕೊಟ್ಟರೆ ಆಗುತ್ತದೆ" ಎನ್ನುವವರು ಬಂದರೆ ಚಹಾ ಕೂಡ ಕೊಡದೆ ಕಳುಹಿಸಿರಿ.

ಹೊರಡುವಾಗ ತಂದೆ ಬಾಗಿಲಲ್ಲಿ ನಿಂತು ಕೇಳಿದರು: "ಮಗ ಎಂಟನೆಯದರಲ್ಲಿದ್ದಾನೆ, ಮಾಸ್ತರೇ. ಕೇಂದ್ರದ ಬೋರ್ಡಿನ ಶಾಲೆ. ಮುಂದಿನ ವರ್ಷಕ್ಕೆ ಮರಾಠಿ ಬಿಟ್ಟು ಫ್ರೆಂಚ್ ತೆಗೆದುಕೊಳ್ಳುತ್ತಾನಂತೆ, ಮಾರ್ಕು ಜಾಸ್ತಿ ಬರುತ್ತದಂತೆ. ಫಾರ್ಮಿಗೆ ಇನ್ನೂ ಸಹಿ ಹಾಕಿಲ್ಲ." ನಾವು ಏನೂ ಹೇಳುವ ಮೊದಲೇ ಮಗಳು, "ಹಾಕಬೇಡಿ ಅಪ್ಪ" ಎಂದಳು.

ಈಗ ಅವಳು ಬೆಳಿಗ್ಗೆ ಏಳಕ್ಕೆ ಮರಾಠಿ ಟೈಪಿಂಗಿಗೆ ಹೋಗುತ್ತಾಳೆ. ಅಜ್ಜನ ಟ್ರಂಕು ಊರಿನ ಮನೆಯ ಅಟ್ಟದಲ್ಲಿ ಸಿಕ್ಕಿದೆಯಂತೆ. ಬೀಗದ ಕೈಗೆ ಹುಡುಕಾಟ ನಡೆದಿದೆ.